ಮಾತು ಬಿಟ್ಟ ಮನೇಲಿ ಎರಡು ಬ್ಯಾಂಡು

ನಮ್ಮನೇಲಿ ಯಾವುದಕ್ಕೆ ಬರ ಬಂದ್ರೂ ಸದ್ದಿಗೆ ಬಂದಿಲ್ಲ. ನಾನು ಸೊಸೆಯಾಗಿ ಬಂದ ಮಾರನೇ ದಿನ, ಕೋಳಿ ಕೂಗೋಕೆ ಮುಂಚೆ, ಮೈದುನ ಮುರಳಿ ಹಿತ್ತಲಲ್ಲಿ ನಾದಸ್ವರ ಊದೋಕೆ ಶುರು ಮಾಡಿದ. ಅದಕ್ಕೆ ಜತೆಯಾಗಿ ನಮ್ಮೆಜಮಾನ್ರು ಆದಿನಾರಾಯಣಪ್ಪನವರು ಪಡಸಾಲೇಲಿ ಡೋಲು ಇಟ್ಕೊಂಡು ಕೂತ್ರು. ನಾನು ದುಪ್ಪಟಿ ತಲೆ ಮೇಲೆ ಎಳ್ಕೊಂಡು, ಅಯ್ಯೋ ಶಿವನೇ, ಎಂಥ ಮನೆಗೆ ಕೊಟ್ಟುಬಿಟ್ರಪ್ಪಾ ಅಂತ ಅತ್ತುಬಿಟ್ಟೆ. ಆಷಾಢಕ್ಕೆ ತವರಿಗೆ ಹೋದ್ರೆ, ಅಲ್ಲಿ ಸದ್ದಿಲ್ಲದೆ ನಂಗೆ ನಿದ್ದೆನೇ ಹತ್ತಲಿಲ್ಲ.

ಅಂಥ ಮನೇಲಿ ಹೋದ ಕಾರ್ತೀಕದಿಂದ ನನ್ನ ಇಬ್ಬರು ಹೆಣ್ಮಕ್ಕಳು ಮಾತು ಬಿಟ್ಟಿದ್ರು. ಇರೋದು ಒಂದೇ ರೂಮು, ಓಡಾಡೋದು ಒಂದೇ ಸ್ಕೂಟಿ, ಮಾತು ಮಾತ್ರ ಇಲ್ಲ.

ದೊಡ್ಡೋಳು ಶಶಿರೇಖಾ. ನಮ್ಮತ್ತೆಯ ಹೆಸರನ್ನೇ ಇಟ್ಟಿದ್ದು. ಇವಳಿಗೆ ಆ ಹೆಸರು ಕಂಡ್ರೆ ಆಗಲ್ಲ, ಶಶಿ ಅಂತಲೇ ಕರೀಬೇಕು. ಚಿಕ್ಕೋಳು ಸಿಂಚನ. ಗಂಡು ಮಗ ಇಲ್ವಲ್ಲ, ಇನ್ನು ಮನೆಯ ಓಲಗದ ಕಸುಬು ಯಾರು ನೋಡ್ಕೋತಾರೆ ಅಂತ ನಮ್ಮೂರು ಕುಂದಾಣದ ಸುತ್ತಮುತ್ತಲೋರೆಲ್ಲ ನಮ್ಮ ಪರವಾಗಿ ಬೇಜಾರು ಮಾಡ್ಕೊಂಡಿದ್ರು. ನಮ್ಮೆಜಮಾನ್ರಿಗೆ ಆ ಬೇಜಾರಿರಲಿಲ್ಲ. ಶಶಿ ಇನ್ನೂ ಲಂಗ ಹಾಕೋ ವಯಸ್ಸಲ್ಲೇ ಅವಳ ಬೆರಳಿಗೆ ಬಟ್ಟೆ ಸುತ್ತಿ ಡೋಲಿನ ಮುಂದೆ ಕೂರಿಸಿದ್ರು. ಸಿಂಚನಂಗೆ ರಾಗ ಹೇಳಿಕೊಟ್ಟಿದ್ದು ಅವಳ ಚಿಕ್ಕಪ್ಪ ಮುರಳಿ. ಅವಳು ಅದನ್ನೆಲ್ಲ ಕಲ್ತು, ಕೊನೆಗೆ ಹೋಗಿ ಗಿಟಾರು ಹಿಡ್ಕೊಂಡ್ಲು.

ಇಬ್ಬರೂ ಸೇರ್ಕೊಂಡು ಕಾಲೇಜಿನ ಇನ್ನಿಬ್ಬರು ಹುಡುಗೀರ ಜತೆ ಒಂದು ರಾಕ್ ಬ್ಯಾಂಡ್ ಕಟ್ಟಿದ್ರು. ಬರೀ ಹುಡುಗೀರದ್ದು. ಅದಕ್ಕೆ ‘ಚಕ್ಕೋತ’ ಅಂತ ಹೆಸರು. “ನಮ್ಮ ದೇವನಹಳ್ಳಿ ಚಕ್ಕೋತ ಇದ್ದಂಗಮ್ಮ, ಮೊದಲು ಒಂಚೂರು ಕಹಿ, ಆಮೇಲೆ ಸಿಹಿ” ಅಂದ್ಲು ಸಿಂಚನ. ಮೊದಲನೇ ಸಲ ಕೇಳಿದಾಗ ನಂಗೆ ಸಿಕ್ಕಿದ್ದು ಆ ಮೊದಲಿನ ಕಹಿ ಮಾತ್ರ. ಕಿವಿ ಗುಂಯ್ ಅಂತಿತ್ತು. ಸುಳ್ಳು ಯಾಕೆ ಹೇಳಲಿ, ಮೂರನೇ ಸಲದ ಹೊತ್ತಿಗೆ ಕಾಲು ತಾಳ ಹಾಕ್ತಿತ್ತು. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ ನೀವು ಅಂದ್ಕೊಂಡ್ರೂ ಪರವಾಗಿಲ್ಲ. ಶಶಿ ಆ ಡ್ರಮ್ಮುಗಳ ಮಧ್ಯೆ ಕೂತ್ಕೊಂಡು ಬಾರಿಸೋದನ್ನ ಒಂದ್ಸಲ ನೋಡಿ, ಆಮೇಲೆ ಮಾತಾಡಿ.

ಜಗಳ ಆಗಿದ್ದು ಹಿಂಗೆ. ದೊಡ್ಡಬಳ್ಳಾಪುರದ ಒಂದು ಕಾಲೇಜಲ್ಲಿ ಚಕ್ಕೋತದ ಕಾರ್ಯಕ್ರಮ ಇತ್ತು. ಅವತ್ತೇ ಹೊಸಕೋಟೆ ಹತ್ರ ಒಂದು ಮದುವೆಗೆ ನಮ್ಮೆಜಮಾನ್ರು ಒಪ್ಕೊಂಡಿದ್ರು. ಬೆಳಗ್ಗೆ ಎದ್ದು ನೋಡಿದ್ರೆ ಅವರಿಗೆ ಭುಜ ಎತ್ತೋಕೇ ಆಗ್ತಿಲ್ಲ. ಬದಲಿ ಡೋಲಿನೋರಿಗೆ ಫೋನ್ ಮಾಡಿದ್ರೆ, ಒಳ್ಳೆ ಲಗ್ನದ ದಿನ, ಒಬ್ಬರೂ ಖಾಲಿ ಇಲ್ಲ. ಡೋಲಿಲ್ಲದೆ ತಾಳಿ ಕಟ್ಟಿಸೋಕಾಗುತ್ತಾ? ಶಶಿ ಡೋಲು ಹೆಗಲಿಗೆ ಹಾಕ್ಕೊಂಡು, “ಬೆಳಗಿನ ಮುಹೂರ್ತ ಕಣೆ, ಮುಗಿಸ್ಕೊಂಡು ನೇರ ನಿನ್ನ ಹತ್ರ ಬಂದ್ಬಿಡ್ತೀನಿ” ಅಂತ ತಂಗಿಗೆ ಹೇಳಿ ಹೋದ್ಲು. ಆದ್ರೆ ಗಂಡಿನ ಕಡೆಯೋರ ಬಸ್ಸು ದಾರೀಲಿ ಕೆಟ್ಟು ನಿಂತಿತು. ಆ ಮುಹೂರ್ತ ತಪ್ಪಿ, ಮಧ್ಯಾಹ್ನದ ಲಗ್ನಕ್ಕೆ ತಾಳಿ ಕಟ್ಟಿದ್ರು. ಅಲ್ಲಿ ದೊಡ್ಡಬಳ್ಳಾಪುರದಲ್ಲಿ ಇವರು ಡ್ರಮ್ಮಿಲ್ಲದೆ ಸ್ಟೇಜ್ ಹತ್ತಿ, ಹುಡುಗರು ಸಿಳ್ಳೆ ಹೊಡೆದು ಇಳಿಸೋವರೆಗೂ ಹಾಡಿ, ಇಳಿದು ಬಂದ್ರು.

ಸಿಂಚನ ಮನೆಗೆ ಬಂದಾಗ ಮುಖ ಕೆಂಡ ಆಗಿತ್ತು. ಅಕ್ಕ ಡೋಲು ಕೆಳಗಿಡ್ತಿದ್ಲು. “ಓಲಗದೋರ ಮನೆ ಬುದ್ಧಿ ಎಲ್ಲಿಗೆ ಹೋಗುತ್ತೆ. ನಿಂಗೆ ಸ್ಟೇಜ್ ಯಾಕೆ? ಹೋಗು, ಛತ್ರದಲ್ಲಿ ಎಂಜಲೆಲೆ ಪಕ್ಕ ಕೂತ್ಕೊಂಡು ಬಡ್ಕೋ” ಅಂದ್ಬಿಟ್ಲು. ನಮ್ಮೆಜಮಾನ್ರು ಜಗಲಿ ಮೇಲೆ ಭುಜಕ್ಕೆ ಎಣ್ಣೆ ಹಚ್ಕೊಂಡು ಕೂತಿದ್ರು. ಮಾತು ನೆಟ್ಟಗೆ ಅವರ ಕಿವಿಗೇ ಬಿತ್ತು. ಎದ್ದು ಒಳಗೆ ಹೋದ್ರು. ಶಶಿ ಅಪ್ಪ ಹೋದ ಕಡೆ ನೋಡಿದ್ಲು, ತಂಗಿ ಕಡೆ ನೋಡಿದ್ಲು, “ನೀನು ಯಾರ ಮನೇಲಿ ಹುಟ್ಟಿದೆ?” ಅಂತ ಕೇಳಿದ್ಲು. ಅದೇ ಕೊನೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಸುಮ್ನೆ ಹೇಳ್ತಾರಾ.

ಶಶಿ ಚಕ್ಕೋತ ಬಿಟ್ಟು ಹೊಸಕೋಟೆ ಹುಡುಗೀರ ಬ್ಯಾಂಡ್ ಸೇರ್ಕೊಂಡ್ಲು. ಅದರ ಹೆಸರು ‘ಕಟ್ಟಿರುವೆ’. ಅಲ್ಲಿ ಡ್ರಮ್ಮುಗಳ ಜತೆಗೆ ಅಪ್ಪನ ಡೋಲನ್ನೂ ಹೆಗಲಿಗೆ ಹಾಕ್ಕೊಂಡು ನಿಂತು ಬಾರಿಸ್ತಾಳೆ, ಬೇಕೂಂತಲೇ, ತಂಗಿಗೆ ತೋರಿಸೋಕೆ. ಅವಳೂ ನನ್ನ ಮಗಳೇ ಅಲ್ವಾ, ನಂಗೆ ಗೊತ್ತಾಗಲ್ವಾ.

ಮನೇಲಿ ನಾನು ಅಂಚೆಯವಳಾದೆ. “ಅಮ್ಮಾ, ಅವಳಿಗೆ ಹೇಳು ಗೀಸರ್ ಆಫ್ ಮಾಡೋಕೆ.” “ಅಮ್ಮಾ, ನನ್ನ ಚಾರ್ಜರ್ ಯಾರು ತಗೊಂಡ್ರು ಕೇಳು.” ಕೇಳೋರು ನನ್ನ ಬಲಗಡೆ, ಹೇಳೋರು ಎಡಗಡೆ, ಮಧ್ಯೆ ನಾನು ಮುದ್ದೆ ತಿರುವ್ತಾ ಇರಬೇಕು. ಒಂದಿನ ತಲೆ ಕೆಟ್ಟು, ಮುದ್ದೆ ಕೋಲು ತೋರಿಸಿ, ಇಬ್ಬರಿಗೂ ಇದರಲ್ಲೇ ಹೇಳ್ತೀನಿ ನೋಡಿ ಅಂದೆ. ನಕ್ಕೋರೇ ಹೊರತು ಮಾತಾಡಲಿಲ್ಲ. ನಗೋದೂ ಬೇರೆ ಬೇರೆ ಕಡೆ ತಿರುಗಿ.

ಅಕ್ಕತಂಗೀರ ಜಗಳಕ್ಕೆ ಇವಳೊಬ್ಬಳು ಯಾಕಿಷ್ಟು ಹೆದರ್ತಾಳೆ ಅಂತ ನಿಮಗನ್ನಿಸಬಹುದು. ನಾನು ಈ ಮನೇಲಿ ಅಂಚೆ ಕೆಲಸ ಮಾಡ್ತಿದ್ದಿದ್ದು ಇದು ಎರಡನೇ ಸಲ, ಅದಕ್ಕೆ.

ಮೊದಲನೇದು ಅಣ್ಣತಮ್ಮಂದಿರ ಮಧ್ಯೆ, ಎಷ್ಟೋ ವರ್ಷದ ಹಿಂದೆ. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಒಂದು ಮದುವೇಲಿ ಊಟಕ್ಕೆ ಕೂತಾಗ ಮುರಳಿ ಅಣ್ಣನಿಗಿಂತ ಮುಂಚೆ ಎಲೆ ಬಿಟ್ಟು ಎದ್ದ. ಸಂಜೆ ಇನ್ನೊಂದು ಕಡೆ ಆರತಕ್ಷತೆಗೆ ಊದೋದಿತ್ತು, ಆತುರ. ಪಂಕ್ತೀಲಿ ದೊಡ್ಡೋರು ಏಳೋಕೆ ಮುಂಚೆ ಏಳಬಾರದು ಅನ್ನೋದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮೆಜಮಾನ್ರು ಅಷ್ಟೂ ಜನರ ಮುಂದೆ, “ನನ್ನೆದುರು ಎಲೆ ಬಿಟ್ಟು ಎದ್ದೋನು ನಂಗೆ ತಮ್ಮನೇ ಅಲ್ಲ” ಅಂದ್ರು. ಅವನು ಕೈ ತೊಳ್ಕೊಂಡು ಹೊರಟು ಹೋದ. ಅಷ್ಟೇ, ಮಾತು ನಿಂತೋಯ್ತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತಾರೆ. ಆಸ್ತಿಗೆ ಕಿತ್ತಾಡಿದ್ರೆ ಒಂದು ಅರ್ಥ ಇರುತ್ತೆ, ಇವರು ಬಾಳೆಲೆಗೆ ಕಿತ್ತಾಡಿದ್ರು.

ಕೆಲಸ ಮಾತ್ರ ನಿಲ್ಲಲಿಲ್ಲ ನೋಡಿ. ಒಂದೇ ಚಾಪೆ ಮೇಲೆ ಪಕ್ಕಪಕ್ಕ ಕೂತ್ಕೊಂಡು ವರ್ಷಗಟ್ಟಲೆ ನುಡಿಸಿದ್ರು. ಮುರಳಿ ರಾಗ ಎಲ್ಲಿ ತಿರುಗಿಸ್ತಾನೆ ಅಂತ ಇವರ ಕೈಗೆ ಮೊದಲೇ ಗೊತ್ತಿರೋದು. ಕೇಳಿದ ಜನ, ಅಣ್ಣತಮ್ಮಂದಿರು ಅಂದ್ರೆ ಹಿಂಗಿರಬೇಕು ಅನ್ನೋರು. ಮನೆಗೆ ಬಂದ್ರೆ, “ಅತ್ತಿಗೆ, ನಾಳೆ ಎಷ್ಟೊತ್ತಿಗೆ ಹೊರಡಬೇಕು ಅಂತ ಅಣ್ಣನ್ನ ಕೇಳಿ.” “ಲೇ, ಬೆಳಗ್ಗೆ ಐದಕ್ಕೆ ಅಂತ ಹೇಳು ಅವನಿಗೆ.” ಇಬ್ಬರೂ ಅದೇ ಪಡಸಾಲೇಲಿ ಇರೋರು. ಒಂದಿನ ಬೆಳಗ್ಗೆ ಮುರಳಿ ಎದೆ ಹಿಡ್ಕೊಂಡು ಕೂತೋನು ಏಳಲೇ ಇಲ್ಲ. ಆ ಮೇಲೆ ಈ ವಿಷಯ ನಮ್ಮನೇಲಿ ಯಾರೂ ಎತ್ತಿಲ್ಲ.

ಈಗ ಸಿಂಚನಂಗೆ ಚೆನ್ನೈನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ರೈಲು. ಹೋಗೋಕೆ ಮುಂಚೆ ಇವಳು ಅಕ್ಕನ ಜತೆ ಮಾತಾಡಲಿಲ್ಲ ಅಂದ್ರೆ ಮುಗೀತು, ಆ ಕಡೆ ಅವಳೊಂದು ಬದುಕು, ಈ ಕಡೆ ಇವಳೊಂದು ಬದುಕು, ಹಬ್ಬಕ್ಕೆ ಬಂದಾಗ ಮಧ್ಯೆ ನಾನು. ನಾನು ಸತ್ತ ಮೇಲೆ ಅದೂ ಇಲ್ಲ.

ಆ ಭಾನುವಾರ ಬೂದಿಗೆರೆ ರಸ್ತೇಲಿ ಹೊಸದಾಗಿ ಎದ್ದಿರೋ ಒಂದು ಅಪಾರ್ಟ್‌ಮೆಂಟಿನ ಹೆಂಗಸರು ಮಹಿಳಾ ದಿನಾಚರಣೆ ಇಟ್ಕೊಂಡಿದ್ರು. ಹೆಣ್ಮಕ್ಕಳ ಬ್ಯಾಂಡೇ ಬೇಕು ಅಂತ ಹುಡುಕಿ ಎರಡನ್ನೂ ಕರೆಸಿದ್ರು. ಮೊದಲು ಚಕ್ಕೋತ, ಆಮೇಲೆ ಕಟ್ಟಿರುವೆ. ಓಲಗದ ಓಮ್ನಿಯಲ್ಲೇ ನಾಲ್ಕು ಜನ ಹೋದ್ವಿ. ಶಶಿ ಗಾಡಿ ಓಡಿಸಿದ್ಲು. ಗಿಟಾರು, ಡೋಲು ಎರಡೂ ಹಿಂದಿನ ಸೀಟಲ್ಲಿ ಒಂದರ ಮೇಲೊಂದು ಒರಗಿ ಕೂತಿದ್ವು, ಅವಕ್ಕಿರೋ ಬುದ್ಧಿ ಇವರಿಗಿಲ್ಲ ಅಂದ್ಕೊಂಡೆ.

ಅಲ್ಲಿ ಹುಲ್ಲು ಹಾಸಿನ ಮೇಲೆ ಕುರ್ಚಿ ಹಾಕಿದ್ರು. ಕೈಗೊಂದು ಪೊಟ್ಟಣ ಚುರುಮುರಿ ಕೊಟ್ರು. ಬೇರೆ ಬೇರೆ ಊರಿಂದ ಮಕ್ಕಳ ಮನೆಗೆ ಬಂದಿದ್ದ ಅತ್ತೆಯಂದಿರು, ಅಮ್ಮಂದಿರು ಮುಂದಿನ ಸಾಲಲ್ಲೇ ಕೂತಿದ್ರು. ನಾವೂ ಅವರ ಹಿಂದೆ ಕೂತ್ವಿ. ಸಿಂಚನ ತಾನೇ ಬರೆದ ಹಾಡು ಎತ್ಕೊಂಡ್ಲು. ಚೆನ್ನಾಗೇ ಹೋಗ್ತಿತ್ತು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೀತು. ಮತ್ತೆ ಎತ್ತಿದ್ಲು, ಮತ್ತೆ ಒಡೀತು. ಸಾಮಾನು ಕಟ್ಟೋ ಗಲಾಟೇಲಿ ಎರಡು ದಿನದಿಂದ ನಿದ್ದೆ ಇಲ್ಲ, ಊಟ ಇಲ್ಲ, ಗಂಟಲು ಏನು ಮಾಡುತ್ತೆ ಪಾಪ. ಗಿಟಾರು ನಿಂತೋಯ್ತು. ಡ್ರಮ್ಮಿನ ಹೊಸ ಹುಡುಗಿ ಹೆದರಿ ಕೋಲು ಎತ್ತಿದ್ದು ಎತ್ತಿದಂಗೇ ಕೂತ್ಲು. ಹಿಂದಿನಿಂದ ಯಾವನೋ, “ಸಾಕು ಇಳಿಯಮ್ಮಾ” ಅಂದ. ಒಂದಿಬ್ಬರು ನಕ್ಕರು. ನನ್ನ ಮಗಳು ಮೈಕಿನ ಮುಂದೆ ನಿಂತು ತುಟಿ ಕಚ್ಚಿಕೊಂಡಿದ್ಲು.

ಆಗ ನನ್ನ ಪಕ್ಕದಲ್ಲಿ ನಮ್ಮೆಜಮಾನ್ರ ನೋವಿನ ಕೈ ಮೇಲೆ ಹೋಯ್ತು. ತೋರುಬೆರಳು ಎತ್ತಿ, ಗಾಳೀಲಿ ಜೋರಾಗಿ ಅಲ್ಲಾಡಿಸಿ, “ಗಟ್ಟಿಮೇಳ” ಅಂದ್ರು.

ತಾಳಿ ಕಟ್ಟೋವಾಗ ಯಾವ ಕೆಟ್ಟ ಮಾತೂ, ಒಂದು ಸೀನು ಕೂಡ, ಹೆಣ್ಣುಗಂಡಿನ ಕಿವಿಗೆ ಬೀಳಬಾರದು ಅಂತಲೇ ಗಟ್ಟಿಮೇಳ ಬಾರಿಸೋದು. ಪುರೋಹಿತರು ಬೆರಳು ಅಲ್ಲಾಡಿಸಿದ್ರೆ ಆಯ್ತು, ಡೋಲಿನೋನು ಅನ್ನ ತಿಂತಿದ್ರೂ ಬಿಟ್ಟು ಬಾರಿಸಬೇಕು. ಇವರು ಜೀವಮಾನವೆಲ್ಲ ಆ ಬೆರಳಿಗೆ ಬಾರಿಸಿದೋರು. ಈಗ ಮಗಳ ಮೇಲೆ ಕೆಟ್ಟ ಮಾತು ಬೀಳ್ತಿದ್ದಂಗೆ ಬೆರಳು ತಾನಾಗೇ ಎದ್ದಿತು.

ಸ್ಟೇಜ್ ಪಕ್ಕ ಕೆಳಗೆ ತನ್ನ ಸರದಿಗೆ ಕಾಯ್ತಾ ಶಶಿ ಡೋಲು ಹಾಕ್ಕೊಂಡು ನಿಂತಿದ್ಲು. ಅಪ್ಪನ ಬೆರಳು ಕಂಡಿದ್ದೇ ತಡ, ಬಾರಿಸಿಬಿಟ್ಲು. ಏನು ಬಾರಿಸಿದ್ಲು ಅಂತೀರಿ, ಆ ಅಪಾರ್ಟ್‌ಮೆಂಟಿನ ಬಾಲ್ಕನಿಗೆಲ್ಲ ಜನ ಬಂದ್ರು. ನಕ್ಕೋರ ನಗು, ಅಂದೋನ ಮಾತು ಎಲ್ಲ ಅಡಗಿ ಹೋಯ್ತು. ಮುಂದಿನ ಸಾಲಿನ ಅತ್ತೆಯಂದಿರು ಗಟ್ಟಿಮೇಳ ಕೇಳಿದ್ದೇ ಎದ್ದು ನಿಂತು, ಕೈಯಲ್ಲಿದ್ದ ಚುರುಮುರೀನೇ ಸ್ಟೇಜಿನ ಕಡೆ ಎರಚಿದ್ರು. ಎರಚಿದ ಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು, ಅಯ್ಯೋ, ಇಲ್ಲಿ ಯಾರ ಮದುವೆ ಅಂತ ನಗೋಕೆ ಶುರು ಮಾಡಿದ್ರು. ನಾನೂ ಎರಚಿದ್ದೆ.

ತಲೆಗೂದಲಲ್ಲಿ ಈರುಳ್ಳಿ ಚೂರು, ಮಂಡಕ್ಕಿ ಹೊತ್ಕೊಂಡೇ ಸಿಂಚನ ನಕ್ಕುಬಿಟ್ಲು. ಅದೇ ಓಟಕ್ಕೆ ಗಿಟಾರು ಹಿಡಿದು, ಹಾಡನ್ನ ಕೆಳಗಿನ ಸ್ವರದಿಂದ ಎತ್ಕೊಂಡ್ಲು. ಡೋಲು ಓಡ್ತು, ಗಿಟಾರು ಅದರ ಹಿಂದೆ ಓಡ್ತು. ಕಟ್ಟಿರುವೆ ಹುಡುಗೀರೂ ಹತ್ತಿದ್ರು. ಆಮೇಲೆ ಎರಡು ಬ್ಯಾಂಡು ಅನ್ನೋದೇ ಉಳೀಲಿಲ್ಲ, ಕೊನೇವರೆಗೂ ಒಟ್ಟಿಗೇ ನುಡಿಸಿದ್ರು. ಮುಗಿದ ಮೇಲೆ ಕಾರ್ಯಕ್ರಮದ ಮೇಡಮ್ಮು ಮೈಕ್ ಹಿಡ್ಕೊಂಡು, ಅಕ್ಕತಂಗೀರು ಅಂದ್ರೆ ಹಿಂಗಿರಬೇಕು ಅಂತ ಕಣ್ಣೊರೆಸ್ಕೊಂಡ್ರು.

ಇದೇ ಮಾತು ನಾನು ಹಿಂದೆಯೂ ಕೇಳಿದ್ದೆ. ನಾನು ನೋಡ್ತಾನೇ ಇದ್ದೆ. ಅಷ್ಟು ಹೊತ್ತು ನುಡಿಸಿದ್ರೂ ಒಬ್ಬರಿಗೊಬ್ಬರು ಒಂದಕ್ಷರ ಆಡಿರಲಿಲ್ಲ. ಇವಳು ಗಿಟಾರು ಚೀಲಕ್ಕೆ ಹಾಕಿದ್ಲು, ಅವಳು ಡೋಲು ಹೆಗಲಿಂದ ಇಳಿಸಿದ್ಲು. ಎರಡೂ ಬ್ಯಾಂಡಿನ ಹುಡುಗೀರು ರಾಜಿಯಾಯ್ತು ಅಂದ್ಕೊಂಡು ನಂಗೆ ಶುಭಾಶಯ ಬೇರೆ ಹೇಳಿದ್ರು.

ವಾಪಸ್ ಬರ್ತಾ ಇನ್ನೂ ಬಿಸಿಲಿತ್ತು. ಶಶಿ ಗಾಡಿ ಓಡಿಸ್ತಿದ್ಲು, ಪಕ್ಕದಲ್ಲಿ ಅವರಪ್ಪ. ಹಿಂದೆ ನಾನು, ಸಿಂಚನ. ಬೂದಿಗೆರೆ ದಾಟಿದ್ವಿ. ಆಮೇಲೆ ಸಿಂಚನ ಬಾಯಿ ತೆಗೆದ್ಲು. “ಅಮ್ಮಾ, ಮುಂದಿನ ಗಾಜು ಏರಿಸೋಕೆ ಹೇಳು, ಧೂಳು ಬರ್ತಿದೆ.”

“ಗಾಡಿ ನಿಲ್ಸೇ” ಅಂದೆ.

ಶಶಿ ಒಂದು ದ್ರಾಕ್ಷಿ ತೋಟದ ಬೇಲಿ ಪಕ್ಕ ನಿಲ್ಲಿಸಿದ್ಲು. ಅದುವರೆಗೂ ತಡ್ಕೊಂಡಿದ್ದೆಲ್ಲ ಬಂದ್ಬಿಡ್ತು. “ನಾನು ಹೇಳಲ್ಲ. ಧೂಳು ಕುಡ್ಕೊಂಡೇ ಸಾಯಿರಿ. ನಿಮ್ಮಪ್ಪನಿಗೂ ನಿಮ್ಮ ಚಿಕ್ಕಪ್ಪನಿಗೂ ಮಧ್ಯೆ ನಿಂತು ನನ್ನ ಅರ್ಧ ಆಯಸ್ಸು ಹೋಯ್ತು, ಉಳಿದಿದ್ದನ್ನ ನಿಮ್ಮಿಬ್ಬರಿಗೆ ಕೊಡಲ್ಲ. ಒಟ್ಟಿಗೆ ನುಡಿಸಿದ್ರಿ, ಸಂತೋಷ. ಈ ಮನೇಲಿ ನುಡಿಸೋದು ಯಾರಿಗೆ ಬರಲ್ಲ? ನಿಮಗೆ ಬರದೇ ಇರೋದು ಮಾತು.” ಹೇಳ್ತಾ ಹೇಳ್ತಾ ಅಳು ಬಂತು. ಸೆರಗು ಬಾಯಿಗೆ ಇಟ್ಕೊಂಡೆ.

ಮೇಲೆ ಒಂದು ವಿಮಾನ ಕೆಳಕ್ಕೆ ಇಳೀತಿತ್ತು, ಭರ್ ಅಂತ. ಅದು ಹೋಗೋವರೆಗೂ ನಮ್ಮೆಜಮಾನ್ರು ಕಾದ್ರು. ಆಮೇಲೆ ಮುಂದೆ ನೋಡ್ಕೊಂಡೇ, ಯಾರ ಕಡೆಗೂ ತಿರುಗದೆ ಮಾತಾಡಿದ್ರು.

“ಮುರಳಿ ಕೊನೇ ಸಲ ನನ್ನ ಜತೆ ಊದಿದ್ದು ಬಿದಲೂರು ಕಡೆ ಮದುವೇಲಿ. ಅವತ್ತು ಎಂಥಾ ಊದಿದ ಅಂದ್ರೆ, ನಂಗೇ ಬಾರಿಸೋದು ಮರೆತೋಗ್ತಿತ್ತು. ಒಂದು ಕಡೆ ರಾಗ ತಿರುಗಿಸಿ ನನ್ನ ನೋಡಿ ನಕ್ಕ. ನಾನೂ ನಕ್ಕೆ. ಇನ್ನೇನು ಬೇಕು, ಆಯ್ತಲ್ಲ, ಬಾಯಿ ಬಿಟ್ಟು ಬೇರೆ ಆಡಬೇಕಾ ಅಂದ್ಕೊಂಡೆ. ಅದಾದ ಮೂರನೇ ದಿನ ಅವನ ಹೆಣದ ಮುಂದೆ ಕೂತ್ಕೊಂಡು ಮುರಳಿ ಅಂತ ಕರೆದೆ. ಎಷ್ಟೋ ವರ್ಷದ ಮೇಲೆ ಹೆಸರು ಕರೆದೆ. ಎಷ್ಟು ಸಲ ಕರೆದ್ರೆ ಏನು ಬಂತು.”

ಅಷ್ಟೇ ಹೇಳಿದ್ರು. ಇವರ ಬಾಯಲ್ಲಿ ಆ ಹೆಸರು ನಾನು ಕೊನೇ ಸಲ ಕೇಳಿದ್ದೂ ಆ ಹೆಣದ ಮುಂದೇನೇ.

“ಅಕ್ಕಾ” ಅಂದ್ಲು ಸಿಂಚನ.

ಶಶಿ ತಿರುಗಲಿಲ್ಲ. “ಏನೇ” ಅಂದ್ಲು.

“ತಪ್ಪಾಯ್ತು ಕಣೆ. ಅವತ್ತು ಆಡಬಾರದ ಮಾತಾಡ್ದೆ. ಆಡಿದ ಮರುಕ್ಷಣವೇ ಗೊತ್ತಾಯ್ತು. ನೀನು ಬೈತೀಯ, ಹೊಡೀತೀಯ, ಆಮೇಲೆ ಸರಿಹೋಗುತ್ತೆ ಅಂತ ಕಾದೆ. ನೀನು ಬೈಯಲೇ ಇಲ್ಲ.”

“ನಂಗೆ ಅಂದಿದ್ದು ಬಿಡು. ಅಪ್ಪ ಅಲ್ಲೇ ಕೂತಿದ್ರು ಕಣೆ, ಭುಜ ಹಿಡ್ಕೊಂಡು.” ಶಶಿ ಕನ್ನಡೀಲಿ ತಂಗೀನ ನೋಡಿದ್ಲು. “ಅದನ್ನ ಹೆಂಗೆ ಬೈಯೋದು ಅಂತಾನೇ ನಂಗೆ ಗೊತ್ತಾಗಲಿಲ್ಲ.”

ಸಿಂಚನ ಹಿಂದಿನಿಂದ ಬಗ್ಗಿ ಅಪ್ಪನ ನೋವಿನ ಭುಜದ ಮೇಲೆ ಮುಖ ಇಟ್ಟು ಅತ್ತುಬಿಟ್ಲು. ಅವರಿಗೆ ನೋವಾಗಿರಲೇಬೇಕು, ಆದ್ರೆ ಕದಲಲಿಲ್ಲ. ಎಡಗೈ ಹಿಂದಕ್ಕೆ ತಂದು ಅವಳ ತಲೆಯಿಂದ ಒಂದೊಂದೇ ಮಂಡಕ್ಕಿ ಆರಿಸಿ ತೆಗೆದ್ರು. ಶಶಿ ಗಾಡಿ ಸ್ಟಾರ್ಟ್ ಮಾಡಿದ್ಲು.

ಒಂದು ಮೈಲಿ ಹೋಗಿರಲಿಲ್ಲ, ಬೈಗುಳ ಶುರುವಾಯ್ತು. ನನ್ನ ನೀಲಿ ಕುರ್ತಾ ಹಾಕ್ಕೊಂಡು ಹೋಗಿ ಕಲೆ ಮಾಡಿದ್ದು ನೀನೇ ಅಲ್ವೇನೇ. ನೀನು ಆ ಹುಡುಗಿಗೆ ಡ್ರಮ್ ಕೊಟ್ಯಲ್ಲ, ತಾಳ ಅಂದ್ರೆ ಏನು ಅಂತ ಗೊತ್ತಾ ಅವಳಿಗೆ. ನಿಮ್ಮ ಕಟ್ಟಿರುವೆ ಹಾಡುಗಾರ್ತಿಗೆ ಶ್ರುತಿ ಗೊತ್ತಾ ಮೊದಲು. ಚೆನ್ನೈಲಿ ಆ ಪೀಜಿ ಊಟ ಹೆಂಗಿರುತ್ತೋ, ನಾಳೆ ನಾನೂ ಬಂದು ನೋಡ್ಕೊಂಡು ಬರ್ತೀನಿ. ಟಿಕೆಟ್ ಸಿಗಲ್ಲ. ಸಿಗದಿದ್ರೆ ಬಸ್ಸಲ್ಲಿ ಬರ್ತೀನಿ, ನೀನೇನು ಹೇಳೋದು. ಇಷ್ಟು ತಿಂಗಳಿಂದ ಕೂಡಿಟ್ಟಿದ್ದೆಲ್ಲ ಇಬ್ಬರ ಬಾಯಿಂದಲೂ ಒಟ್ಟಿಗೇ ಸುರೀತಿತ್ತು. ನಾನು ಮಧ್ಯೆ ಒಂದು ಮಾತು ಹೇಳೋಕೆ ಹೋದ್ರೆ, “ಅಮ್ಮಾ, ನೀನು ಸುಮ್ನಿರು” ಅಂತ ಇಬ್ಬರೂ ನನ್ನೇ ಗದರಿದ್ರು.

ಸುಮ್ನಾದೆ. ಕುಂದಾಣಕ್ಕೆ ತಿರುಗೋ ಕ್ರಾಸು ಬಂತು. ಶಶಿ ಮಾತಿನ ಭರದಲ್ಲಿ ಅದನ್ನ ನೋಡಲೇ ಇಲ್ಲ, ನೇರ ದೊಡ್ಡಬಳ್ಳಾಪುರದ ಕಡೆ ಹೊಡ್ಕೊಂಡು ಹೋದ್ಲು. ನಮ್ಮೆಜಮಾನ್ರು ಹಿಂದೆ ತಿರುಗಿ ನನ್ನ ನೋಡಿದ್ರು. ನಾನೂ ಅವರನ್ನ ನೋಡಿದೆ. ದಾರಿ ತಪ್ಪಿದೆ ಅಂತ ಇಬ್ಬರೂ ಹೇಳಲಿಲ್ಲ.